ಸುಟ್ಟ ಕಡತಗಳ ನಾಡಿನಲ್ಲಿ ಮುತ್ತಜ್ಜನ ಹುಡುಕಾಟ



ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಮುತ್ತಜ್ಜನ ಹೆಸರನ್ನು ಮನೆಯ ಹಿರಿಯರನ್ನು ಕೇಳಿ ಹೇಳಬಲ್ಲಿರಿ. ಆದರೆ ಮುತ್ತಜ್ಜನ ಅಜ್ಜನ ಹೆಸರು? ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ನಿಂತುಬಿಡುತ್ತೇವೆ. ತಂದೆ ತಾಯಿ ಇಬ್ಬರು, ಅವರ ಹಿಂದೆ ನಾಲ್ವರು, ಅವರ ಹಿಂದೆ ಎಂಟು, ಹದಿನಾರು, ಮೂವತ್ತೆರಡು. ಐದು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 32 ಪೂರ್ವಜರ ಸ್ಥಾನಗಳಿವೆ. ಸಂಬಂಧದೊಳಗೆ ಮದುವೆಗಳಾಗಿದ್ದರೆ ಒಬ್ಬರೇ ಎರಡು ಸ್ಥಾನಗಳಲ್ಲಿ ಕಾಣಿಸಿಕೊಳ್ಳಬಹುದು, ಅಷ್ಟೆ. ಈ 32 ಮಂದಿಯಲ್ಲಿ ಎಷ್ಟು ಜನರ ಹೆಸರನ್ನು ಕಂಡುಹಿಡಿಯಬಹುದು? ಹೇಗೆ?

ಈ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳುವ ಜನರಲ್ಲಿ ಐರ್ಲೆಂಡ್ ಮೂಲದವರು ಮುಖ್ಯರು. ಅವರ ದಾರಿಯಲ್ಲಿ ಇರುವಷ್ಟು ಅಡೆತಡೆಗಳು ಬೇರೆ ಕಡೆ ಅಪರೂಪ. ಅವರು ಆ ಅಡೆತಡೆಗಳನ್ನು ದಾಟುವ ಬಗೆಯನ್ನು ನೋಡಿದರೆ, ದಾಖಲೆ ಎಂದರೇನು, ಸಾಕ್ಷ್ಯ ಎಂದರೇನು ಎಂಬುದು ನಮಗೂ ಸ್ಪಷ್ಟವಾಗುತ್ತದೆ. ಕಿರುತೆರೆಯ ಅರ್ಧ ಗಂಟೆಯಲ್ಲಿ ಹೇಳಲಾಗದ ಒಂದಷ್ಟು ಸಂಗತಿಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಏಕೆ ಹುಡುಕುತ್ತಾರೆ?

1841ರ ಜನಗಣತಿಯ ಪ್ರಕಾರ ಐರ್ಲೆಂಡ್ ದ್ವೀಪದ ಜನಸಂಖ್ಯೆ ಸುಮಾರು 82 ಲಕ್ಷ. 1851ರಲ್ಲಿ ಅದು ಸುಮಾರು 65 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು ಮಹಾಕ್ಷಾಮ. 1845ರಲ್ಲಿ ಆಲೂಗಡ್ಡೆ ಬೆಳೆಗೆ ಫೈಟಾಫ್ತೋರ ಎಂಬ ರೋಗಾಣು ತಗುಲಿತು. ಬಡ ರೈತರಿಗೆ ಆಲೂಗಡ್ಡೆಯೇ ಮೂರು ಹೊತ್ತಿನ ಊಟ. ಬೆಳೆ ಕೊಳೆತಾಗ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೇ ಬಂದ ಜ್ವರಗಳಿಂದಲೂ ಸತ್ತರು. 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಗಳಿಗೆ ಹೋದರು. ಕ್ಷಾಮ ಮುಗಿದ ಮೇಲೂ ವಲಸೆ ನಿಲ್ಲಲಿಲ್ಲ. ಇಂದು ಇಡೀ ದ್ವೀಪದಲ್ಲಿರುವವರು 70 ಲಕ್ಷದ ಆಸುಪಾಸು. ಆದರೆ ಅಮೆರಿಕ ಒಂದರಲ್ಲೇ ತಾವು ಐರಿಷ್ ಮೂಲದವರು ಎಂದು ಹೇಳಿಕೊಳ್ಳುವವರು 3 ಕೋಟಿಗೂ ಹೆಚ್ಚು.

ಹೀಗೆ ಹೋದವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ. ಮಕ್ಕಳಿಗೆ ಹೇಳಿದ್ದು 'ನಮ್ಮದು ಕಾರ್ಕ್ ಕಡೆ' ಎನ್ನುವಷ್ಟೇ. ಕಾರ್ಕ್ ಒಂದು ದೊಡ್ಡ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ. ಐರ್ಲೆಂಡಿನಲ್ಲಿ ಊರಿನ ಗುರುತು ನಿಜವಾಗಿ ಇರುವುದು 'ಟೌನ್‌ಲ್ಯಾಂಡ್' ಎಂಬ ಪುಟ್ಟ ಭೂವಿಭಾಗದಲ್ಲಿ. ಇಂಥವು 60 ಸಾವಿರಕ್ಕೂ ಹೆಚ್ಚಿವೆ. ಆ ಹೆಸರು ಗೊತ್ತಿಲ್ಲದಿದ್ದರೆ ಒಂದು ಜಿಲ್ಲೆಯ ತುಂಬ ಇರುವ ಒಂದೇ ಹೆಸರಿನ ನೂರಾರು ಜನರಲ್ಲಿ ನಮ್ಮವನು ಯಾರು ಎಂದು ಹೇಳಲಾಗದು. ಜೊತೆಗೆ, ಐರಿಷ್ ಭಾಷೆಯ ಹೆಸರುಗಳನ್ನು ಇಂಗ್ಲಿಷ್ ಬಲ್ಲ ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಂಡರು; ಕೆಲವರು ಅನುವಾದವನ್ನೂ ಮಾಡಿದರು. ಕಮ್ಮಾರನ ಮಗ ಎಂಬ ಅರ್ಥದ ಒಂದೇ ಐರಿಷ್ ಕುಲನಾಮ ಒಂದು ಕಡೆ ಮ್ಯಾಕ್‌ಗೋವನ್ ಆಯಿತು, ಇನ್ನೊಂದು ಕಡೆ ಸ್ಮಿತ್ ಆಯಿತು.

1922ರ ಜೂನ್ 30

ಡಬ್ಲಿನ್ ನಗರದ ಲಿಫಿ ನದಿಯ ದಂಡೆಯಲ್ಲಿ 'ಫೋರ್ ಕೋರ್ಟ್ಸ್' ಎಂಬ ನ್ಯಾಯಾಲಯ ಸಂಕೀರ್ಣವಿದೆ. 1867ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ದಾಖಲೆಗಳ ಕಚೇರಿ ಅದೇ ಆವರಣದಲ್ಲಿತ್ತು. 13ನೆಯ ಶತಮಾನದಿಂದ ಹಿಡಿದು ಆಡಳಿತದ ಕಾಗದಪತ್ರಗಳು, ಉಯಿಲುಗಳು, ಜನಗಣತಿಯ ಹಾಳೆಗಳು ಅಲ್ಲಿ ಕ್ರಮವಾಗಿ ಸಂಗ್ರಹವಾಗಿದ್ದವು.

1922ರಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದವನ್ನು ಒಪ್ಪುವವರಿಗೂ ಒಪ್ಪದವರಿಗೂ ನಡುವೆ ಅಂತರ್ಯುದ್ಧ ಆರಂಭವಾಯಿತು. ಒಪ್ಪಂದ ವಿರೋಧಿ ಪಡೆ ಏಪ್ರಿಲ್ ತಿಂಗಳಿನಿಂದಲೇ ಈ ಕಟ್ಟಡದಲ್ಲಿ ನೆಲೆಯೂರಿತ್ತು. ಜೂನ್ 28ರಂದು ಸರ್ಕಾರಿ ಸೇನೆ ಫಿರಂಗಿ ಹಾರಿಸಿತು. ಜೂನ್ 30ರಂದು ಭಾರಿ ಸ್ಫೋಟವಾಗಿ ದಾಖಲೆಗಳ ಭಂಡಾರ ಹೊತ್ತಿ ಉರಿಯಿತು. ಸುಟ್ಟ ಕಾಗದದ ಚೂರುಗಳು ಗಾಳಿಯಲ್ಲಿ ತೇಲಿ ನಗರದ ಬೀದಿಗಳಲ್ಲಿ ಬಿದ್ದವು. ಸ್ಫೋಟದ ಹೊಣೆ ಯಾರದು ಎಂಬ ವಾದ ಇಂದಿಗೂ ಮುಗಿದಿಲ್ಲ. ಏಳು ಶತಮಾನಗಳ ದಾಖಲೆಗಳು ಹೋದದ್ದು ಮಾತ್ರ ನಿಜ.

ಆದರೆ 'ಎಲ್ಲವೂ 1922ರಲ್ಲಿ ಸುಟ್ಟುಹೋಯಿತು' ಎಂಬ ಮಾತನ್ನು ನೀವು ಹಾಗೆಯೇ ನಂಬಬೇಡಿ. 1821, 1831, 1841, 1851ರ ಜನಗಣತಿಯ ಹಾಳೆಗಳು, ಕೆಲವು ತುಣುಕುಗಳನ್ನು ಬಿಟ್ಟರೆ, ಆ ಬೆಂಕಿಯಲ್ಲಿ ಹೋದವು. ಮುಂದಿನ ನಾಲ್ಕು ಜನಗಣತಿಗಳ ಕಥೆ ಬೇರೆ. 1861 ಮತ್ತು 1871ರ ಹಾಳೆಗಳನ್ನು ಎಣಿಕೆ ಮುಗಿದ ಮೇಲೆ ಸರ್ಕಾರವೇ ನಾಶಮಾಡಿಸಿತು. 1881 ಮತ್ತು 1891ರ ಹಾಳೆಗಳು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಕೊರತೆಯೆಂದು ಅರೆದು ರದ್ದಿಯಾದವು. ಯುದ್ಧದ ಬೆಂಕಿ ಎಲ್ಲರಿಗೂ ನೆನಪಿದೆ. ಕಚೇರಿಯ ಆದೇಶದಿಂದ ಹೋದ ನಾಲ್ಕು ಜನಗಣತಿಗಳು ಹೆಚ್ಚು ಜನರಿಗೆ ಗೊತ್ತೇ ಇಲ್ಲ.

ಉಳಿದದ್ದೇನು, ಏಕೆ ಉಳಿಯಿತು?

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಐರ್ಲೆಂಡಿನ ಆಂಗ್ಲಿಕನ್ ಚರ್ಚು 1871ರವರೆಗೆ ರಾಜ್ಯದ ಅಧಿಕೃತ ಚರ್ಚಾಗಿತ್ತು. ಹಾಗಾಗಿ ಅದರ ಹಳೆಯ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕಗಳನ್ನು ಸಾರ್ವಜನಿಕ ದಾಖಲೆಗಳೆಂದು ಘೋಷಿಸಿ ಡಬ್ಲಿನ್ನಿಗೆ ಕಳುಹಿಸಬೇಕೆಂದು ನಿಯಮ ಮಾಡಿದರು. ಕಳುಹಿಸಿದವು ಬಹುಪಾಲು ಸುಟ್ಟವು. ಊರಿನಲ್ಲೇ ಇಟ್ಟುಕೊಳ್ಳಲು ಅನುಮತಿ ಪಡೆದ ಚರ್ಚುಗಳ ಪುಸ್ತಕಗಳು ಉಳಿದವು. ಬಹುಸಂಖ್ಯಾತ ಬಡವರ ರೋಮನ್ ಕ್ಯಾಥೊಲಿಕ್ ಚರ್ಚನ್ನು ರಾಜ್ಯ ತನ್ನದೆಂದು ಎಣಿಸಲೇ ಇಲ್ಲ. ಆದ್ದರಿಂದ ಅದರ ಪುಸ್ತಕಗಳು ಪಾದ್ರಿಗಳ ಮನೆಯಲ್ಲೇ ಇದ್ದವು, ಉಳಿದವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವುಗಳ ಸೂಕ್ಷ್ಮಚಿತ್ರಗಳನ್ನು ತೆಗೆಸಿ 2015ರ ಜುಲೈನಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿತು.

ಸರ್ಕಾರದ ಜನನ ಮರಣ ನೋಂದಣಿ ಎಲ್ಲರಿಗೂ ಆರಂಭವಾದದ್ದು 1864ರಲ್ಲಿ. ಅದು ಬೇರೆ ಕಚೇರಿಯಲ್ಲಿದ್ದುದರಿಂದ ಉಳಿಯಿತು. 1901 ಮತ್ತು 1911ರ ಜನಗಣತಿಯ ಹಾಳೆಗಳೂ ಹಾಗೆಯೇ ಉಳಿದವು. ಅವನ್ನು ಈಗ ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಇನ್ನು ಕ್ಷಾಮದ ಕಾಲಕ್ಕೆ ಹೋಗಬೇಕಾದರೆ ಆಸರೆಯಾಗುವುದು ಎರಡು ತೆರಿಗೆ ದಾಖಲೆಗಳು. ಮೊದಲನೆಯದು 1823ರಿಂದ 1838ರವರೆಗಿನ ದಶಾಂಶ ತೆರಿಗೆಯ ಪುಸ್ತಕಗಳು. ಆಂಗ್ಲಿಕನ್ ಚರ್ಚಿನ ಖರ್ಚಿಗೆ ಕ್ಯಾಥೊಲಿಕ್ ರೈತರೂ ಕೊಡಬೇಕಾಗಿದ್ದ ತೆರಿಗೆಯ ಪಟ್ಟಿ ಇದು. ಎರಡನೆಯದು ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನಡೆದ ಆಸ್ತಿ ಮೌಲ್ಯಮಾಪನ. 1847ರಿಂದ 1864ರ ನಡುವೆ ಇದು ಜಿಲ್ಲಾವಾರು ಪ್ರಕಟವಾಯಿತು. ಯಾವ ಟೌನ್‌ಲ್ಯಾಂಡಿನಲ್ಲಿ ಯಾರು, ಯಾರ ಜಮೀನಿನಲ್ಲಿ, ಎಷ್ಟು ಬೆಲೆಯ ಮನೆ ಹೊಲ ಹೊಂದಿದ್ದರು ಎಂಬುದು ಅದರಲ್ಲಿದೆ.

ಈ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಮೊದಲ ಪಟ್ಟಿಯಲ್ಲಿ ಒಂದು ಊರಿನಲ್ಲಿ ಕಾಣುವ ಕುಟುಂಬ ಎರಡನೆಯದರಲ್ಲಿ ಇಲ್ಲ. ಏನಾಯಿತು? ಸತ್ತರೇ? ಜಮೀನ್ದಾರ ಒಕ್ಕಲೆಬ್ಬಿಸಿದನೇ? ಹಡಗು ಹತ್ತಿದರೇ? ಪಟ್ಟಿ ಉತ್ತರ ಹೇಳುವುದಿಲ್ಲ. ಎರಡು ಪಟ್ಟಿಗಳಲ್ಲೂ ಮನೆಯ ಯಜಮಾನನ ಹೆಸರು ಮಾತ್ರ ಇದೆ. ಹೆಂಡತಿ ಮಕ್ಕಳಿಲ್ಲ, ಕೂಲಿಯಾಳುಗಳಿಲ್ಲ. ಏಕೆಂದರೆ ಇವು ತೆರಿಗೆ ವಸೂಲಿಗೆ ಮಾಡಿದ ಪಟ್ಟಿಗಳು. ಮೊಮ್ಮಕ್ಕಳಿಗೆ ಉಪಕಾರವಾಗಲೆಂದು ಯಾವ ಸರ್ಕಾರವೂ ದಾಖಲೆ ಬರೆಯಲಿಲ್ಲ. ಯಾವುದೇ ದಾಖಲೆಯನ್ನು ಕೈಗೆತ್ತಿಕೊಂಡಾಗ 'ಇದನ್ನು ಯಾರು, ಯಾವ ಕೆಲಸಕ್ಕೆ ಬರೆದರು?' ಎಂದು ನೀವು ಮೊದಲು ಕೇಳಬೇಕಾದದ್ದು ಇದಕ್ಕಾಗಿಯೇ.

ಕೆಲವು ಐರಿಷ್ ಕುಟುಂಬಗಳ ಕಾಗದದ ಜಾಡು ನಮ್ಮ ಬೆಂಗಳೂರಿಗೂ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಪಡೆಗಳಲ್ಲೂ ಬ್ರಿಟಿಷ್ ಸೇನೆಯಲ್ಲೂ ಬಡ ಐರಿಷ್ ಯುವಕರು ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. 1809ರಲ್ಲಿ ಬೆಂಗಳೂರು ದಂಡು ಪ್ರದೇಶ ಸ್ಥಾಪನೆಯಾಯಿತು. ಮದ್ರಾಸ್ ಪ್ರಾಂತದ ಸೇನಾ ನೆಲೆಗಳಲ್ಲಿ ಆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ತವರಿನಲ್ಲಿ ಸುಟ್ಟುಹೋದ ಕೊಂಡಿ ಹೀಗೆ ಭಾರತದ ಪುಟಗಳಲ್ಲಿ ಸಿಗುವ ಸಾಧ್ಯತೆಯಿದೆ.

ಬಿರುಗಾಳಿಯ ರಾತ್ರಿ

1908ರಲ್ಲಿ ವೃದ್ಧಾಪ್ಯ ವೇತನದ ಕಾಯಿದೆ ಬಂತು. 70 ವರ್ಷ ತುಂಬಿದ ಬಡವರಿಗೆ 1909ರ ಜನವರಿಯಿಂದ ವಾರಕ್ಕೆ 5 ಶಿಲಿಂಗ್‌ವರೆಗೆ ಸಿಗುತ್ತಿತ್ತು. ಆದರೆ 70 ವರ್ಷ ಎಂದು ರುಜುವಾತು ಮಾಡುವುದು ಹೇಗೆ? ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 1839ರ ಜನವರಿ 6ರ ರಾತ್ರಿ ಐರ್ಲೆಂಡಿನ ಮೇಲೆ ಭೀಕರ ಬಿರುಗಾಳಿ ಬೀಸಿತ್ತು. 'ಆ ರಾತ್ರಿ ನನಗೆ ನೆನಪಿದೆ' ಎಂದು ಮುದುಕರು ಹೇಳತೊಡಗಿದರು. ನೆನಪಿದ್ದರೆ ಎಪ್ಪತ್ತು ದಾಟಿರಲೇಬೇಕಲ್ಲವೇ! ನಮ್ಮ ಹಿರಿಯರು 'ಪ್ಲೇಗು ಬಂದ ವರ್ಷ ಹುಟ್ಟಿದೆ' ಎನ್ನುತ್ತಿದ್ದ ಹಾಗೆ.

ನೆನಪು ಸಾಲದಾದಾಗ ಅರ್ಜಿದಾರರು ತಂದೆ ತಾಯಿಯ ಹೆಸರು, ಟೌನ್‌ಲ್ಯಾಂಡಿನ ಹೆಸರು ಬರೆದು ದಾಖಲೆಗಳ ಕಚೇರಿಗೆ ಕಳುಹಿಸುತ್ತಿದ್ದರು. ಗುಮಾಸ್ತರು 1841 ಮತ್ತು 1851ರ ಜನಗಣತಿಯಲ್ಲಿ ಹುಡುಕಿ ಕಂಡದ್ದನ್ನು ಅರ್ಜಿಯ ಮೇಲೆ ಬರೆಯುತ್ತಿದ್ದರು. ಮೂಲ ಪುಸ್ತಕಗಳು ಸುಟ್ಟವು. ಈ ಶೋಧದ ಅರ್ಜಿಗಳು ಉಳಿದವು. ಹೀಗೆ ಐದು ಶಿಲಿಂಗಿಗಾಗಿ ಒಬ್ಬ ಅಜ್ಜಿ ಹಾಕಿದ ಅರ್ಜಿಯಿಂದ ಒಂದು ಕುಟುಂಬದ ಕ್ಷಾಮಪೂರ್ವ ದಾಖಲೆ ಇಂದಿಗೂ ಸಿಗುತ್ತದೆ. ಇನ್ನೊಂದು ತಮಾಷೆಯೂ ಇದೆ. 1901ರಿಂದ 1911ಕ್ಕೆ ಹತ್ತು ವರ್ಷವಾಗಬೇಕಾದ ಅನೇಕ ಮುದುಕರಿಗೆ ಜನಗಣತಿಯಲ್ಲಿ ಹದಿಮೂರು, ಹದಿನೈದು ವರ್ಷವಾಗಿಬಿಟ್ಟಿದೆ. ಪಿಂಚಣಿಯ ಆಸೆ ಇದಕ್ಕೊಂದು ಕಾರಣ. ಸರ್ಕಾರಿ ದಾಖಲೆಯೆಂದ ಮಾತ್ರಕ್ಕೆ ವಯಸ್ಸು ಸರಿಯೆಂದು ತಿಳಿಯಬಾರದು.

ಹೆಸರು ಒಂದೇ, ಮನುಷ್ಯರು ಬೇರೆ

1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆಯಿತು. ಅಲ್ಲಿ ಮೊದಲು ಹೆಸರು ಬರೆಸಿದವಳು ಕಾರ್ಕ್ ಜಿಲ್ಲೆಯ ಆ್ಯನಿ ಮೂರ್ ಎಂಬ ಹುಡುಗಿ. ಇಬ್ಬರು ತಮ್ಮಂದಿರೊಡನೆ ಬಂದಿದ್ದಳು. ಮುಂದೆ ಅವಳು ಟೆಕ್ಸಾಸ್‌ಗೆ ಹೋಗಿ 1923ರಲ್ಲಿ ಟ್ರಾಮಿಗೆ ಸಿಕ್ಕಿ ಸತ್ತಳೆಂದು ದಶಕಗಳ ಕಾಲ ನಂಬಲಾಗಿತ್ತು. ವಂಶಾವಳಿ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ದಾಖಲೆಗಳನ್ನು ಕೂಲಂಕಷವಾಗಿ ನೋಡಿದಾಗ ಟೆಕ್ಸಾಸ್‌ನ ಆ್ಯನಿ ಮೂರ್ ಅಮೆರಿಕದ ಇಲಿನಾಯ್ ರಾಜ್ಯದಲ್ಲೇ ಹುಟ್ಟಿದವಳೆಂದು ತಿಳಿಯಿತು! ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಬಡವರ ಬೀದಿಯಲ್ಲಿ ಸಂಸಾರ ಮಾಡಿ, ಹಲವು ಮಕ್ಕಳನ್ನು ಕಳೆದುಕೊಂಡು 1924ರಲ್ಲಿ ಸತ್ತಿದ್ದಳು. ಅವಳ ಸಮಾಧಿಯ ಮೇಲೆ ಕಲ್ಲೂ ಇರಲಿಲ್ಲ. ಇದು ಬಯಲಾದದ್ದು 2006ರಲ್ಲಿ. 2008ರಲ್ಲಿ ಅಲ್ಲಿ ಕಲ್ಲು ನಿಲ್ಲಿಸಿದರು. ಹೆಸರು ಹೊಂದಿದರೆ ಸಾಲದು. ಊರು, ವಯಸ್ಸು, ತಂದೆ ತಾಯಿ, ಒಡಹುಟ್ಟಿದವರು ಎಲ್ಲವೂ ಹೊಂದಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಡಿ.ಎನ್.ಎ. ಹೇಳುವುದೇನು?

ಕಾಗದ ಮುಗಿದ ಕಡೆ ಡಿ.ಎನ್.ಎ. ಬರುತ್ತದೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದು ಇಷ್ಟದ ಭಾಗ. ಆದರೆ ಇದರ ಮಿತಿಗಳನ್ನೂ ಹೇಳಲೇಬೇಕು. ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ಜೊಲ್ಲು. ನೋಡುವುದು ಮೂರು ಬಗೆಯಲ್ಲಿ.

ಮೊದಲನೆಯದು ವೈ ವರ್ಣತಂತು. ಇದು ತಂದೆಯಿಂದ ಮಗನಿಗೆ ಮಾತ್ರ, ಹೆಚ್ಚು ಬದಲಾಗದೆ ಹೋಗುತ್ತದೆ. ಐರ್ಲೆಂಡಿನಲ್ಲಿ ಕುಲನಾಮವೂ ತಂದೆಯಿಂದ ಬರುವುದರಿಂದ ಎರಡನ್ನೂ ಜೊತೆಯಿಟ್ಟು ನೋಡಬಹುದು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2006ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ವಾಯವ್ಯ ಐರ್ಲೆಂಡಿನ ಗಂಡಸರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದೇ ಬಗೆಯ ವೈ ಗುರುತನ್ನು ಹೊತ್ತಿದ್ದಾರೆ. ಐತಿಹ್ಯದ ಐದನೆಯ ಶತಮಾನದ ರಾಜ ನಿಯಾಲ್‌ನ ವಂಶಕ್ಕೆ ಇದು ಸಂಬಂಧಿಸಿರಬಹುದೆಂದು ಅವರು ಊಹಿಸಿದರು. ಪತ್ರಿಕೆಗಳು ಅವರೆಲ್ಲರನ್ನೂ ರಾಜನ ಮಕ್ಕಳೆಂದೇ ಬರೆದವು. ಆ ಗುರುತು ನಿಯಾಲ್‌ಗಿಂತಲೂ ಹಳೆಯದೆಂದು ನಂತರದ ಲೆಕ್ಕಾಚಾರಗಳು ಸೂಚಿಸಿವೆ. ವಿಜ್ಞಾನ ಊಹೆಯನ್ನು ಹೀಗೆ ತಿದ್ದಿಕೊಳ್ಳುತ್ತದೆ. ಪತ್ರಿಕೆಯ ತಲೆಬರಹ ತಿದ್ದಿಕೊಳ್ಳುವುದು ಅಪರೂಪ.

ಎರಡನೆಯದು ಮೈಟೊಕಾಂಡ್ರಿಯದ ಡಿ.ಎನ್.ಎ. ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಮುಂದಿನ ತಲೆಮಾರಿಗೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ.

ಮೂರನೆಯದು ಉಳಿದ 22 ಜೊತೆ ವರ್ಣತಂತುಗಳು. ಇವು ಪ್ರತಿ ತಲೆಮಾರಿನಲ್ಲೂ ಕಲಸಿ ಅರ್ಧವಾಗುತ್ತವೆ. ತಂದೆಯಿಂದ ಶೇ. 50, ಅಜ್ಜನಿಂದ ಸರಾಸರಿ ಶೇ. 25, ಮುತ್ತಜ್ಜನಿಂದ ಶೇ. 12.5. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳು ಪರಸ್ಪರ ಸರಾಸರಿ ಶೇ. 12.5 ಹಂಚಿಕೊಂಡಿರುತ್ತಾರೆ. ಆದರೆ ಮುತ್ತಜ್ಜನ ಅಜ್ಜ ಮಾತ್ರ ಒಬ್ಬನೇ ಆದ, ಸಮಾನ ತಲೆಮಾರಿನ ದೂರದ ಸಂಬಂಧಿಗಳಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಮಾತ್ರ ಗುರುತಿಸಬಲ್ಲ ಹೋಲಿಕೆ ಸಿಗುತ್ತದೆ. ಆದ್ದರಿಂದ ಹೋಲಿಕೆ ಸಿಗಲಿಲ್ಲವೆಂದರೆ ಸಂಬಂಧವಿಲ್ಲ ಎಂದಲ್ಲ. ಕ್ಷಾಮದ ಕಾಲದ ಪೂರ್ವಜರು ಇಂದಿನವರಿಗೆ ಸರಿಯಾಗಿ ಈ ದೂರದಲ್ಲಿದ್ದಾರೆ. ಕುಟುಂಬದ ಅತಿ ಹಿರಿಯರನ್ನು ಮೊದಲು ಪರೀಕ್ಷಿಸಿ ಎಂದು ತಿಳಿದವರು ಹೇಳುವುದು ಇದಕ್ಕೇ. ಅವರು ಒಂದೆರಡು ಹೆಜ್ಜೆ ಹತ್ತಿರ ಇರುತ್ತಾರೆ.

ಕಂಪನಿಗಳು ಕೊಡುವ 'ನೀವು ಶೇಕಡಾ ಇಷ್ಟು ಐರಿಷ್' ಎಂಬ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಅದು ಅವರು ಹೋಲಿಕೆಗೆ ಇಟ್ಟುಕೊಂಡ ಮಾದರಿಗಳನ್ನು ಅವಲಂಬಿಸಿದ ಅಂದಾಜು. ಮಾದರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಒಳ್ಳೆಯ ಮಾದರಿ ಹೇಗಿರಬೇಕೆಂದು 2017ರಲ್ಲಿ ಪ್ರಕಟವಾದ ಐರಿಷ್ ಡಿ.ಎನ್.ಎ. ನಕಾಶೆಯ ಅಧ್ಯಯನ ತೋರಿಸಿತು. ಎಂಟೂ ಮಂದಿ ಮುತ್ತಜ್ಜ ಮುತ್ತಜ್ಜಿಯರು ಪರಸ್ಪರ 50 ಕಿ.ಮೀ. ಒಳಗೆ ಹುಟ್ಟಿದವರೆಂದು ಕಾಗದದಿಂದ ಖಚಿತವಾದ 194 ಜನರನ್ನು ಮಾತ್ರ ಅದರಲ್ಲಿ ಸೇರಿಸಿದರು. ಆಗ ಐರ್ಲೆಂಡಿನಲ್ಲಿ ಹತ್ತು ಗುಂಪುಗಳು ಪ್ರತ್ಯೇಕವಾಗಿ ಕಂಡವು. ಗಮನಿಸಿ, ಡಿ.ಎನ್.ಎ. ಮಾತನಾಡುವ ಮೊದಲು ಕಾಗದ ಸಾಕ್ಷಿ ಹೇಳಬೇಕಾಯಿತು.

ಮನಿಗಾಲ್‌ನ ಹುಡುಗ

ಈ ಎಲ್ಲ ಲೆಕ್ಕವನ್ನು ಒಂದು ಪ್ರಸಿದ್ಧ ಉದಾಹರಣೆಗೆ ಅನ್ವಯಿಸಿ ನೋಡೋಣ. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ ಅವರ ತಾಯಿಯ ಕಡೆಯ ಐದನೆಯ ತಲೆಮಾರಿನ ಪೂರ್ವಜ ಫಾಲ್ಮತ್ ಕಿಯರ್ನಿ. ಆಫಲಿ ಜಿಲ್ಲೆಯ ಮನಿಗಾಲ್ ಎಂಬ ಸಣ್ಣ ಊರಿನಲ್ಲಿ ಬೂಟು ಹೊಲಿಯುತ್ತಿದ್ದವನ ಮಗ. 1850ರಲ್ಲಿ, ಕ್ಷಾಮದ ಕಾಲದಲ್ಲಿ, ಹಡಗು ಹತ್ತಿದ. ಅಮೆರಿಕದ ದಾಖಲೆಗಳು ಈ ಊರಿನ ಕಡೆಗೆ ಬೆರಳು ತೋರಿಸಿದವು. 2007ರಲ್ಲಿ ಅಲ್ಲಿನ ಆಂಗ್ಲಿಕನ್ ಪಾದ್ರಿ ಚರ್ಚಿನ ಹಳೆಯ ಪುಸ್ತಕಗಳನ್ನು ತೆರೆದು ಕಿಯರ್ನಿ ಕುಟುಂಬದ ನಮೂದುಗಳನ್ನು ಕಂಡರು. ಆ ಪುಸ್ತಕಗಳು ಡಬ್ಲಿನ್ನಿನ ಬೆಂಕಿಗೆ ಸಿಗದೆ ಉಳಿದಿದ್ದವು. 2011ರ ಮೇ ತಿಂಗಳಲ್ಲಿ ಒಬಾಮಾ ಮನಿಗಾಲ್‌ಗೆ ಭೇಟಿ ಕೊಟ್ಟರು.

ಡಿ.ಎನ್.ಎ. ಮಾತ್ರದಿಂದ ಇದು ಸಾಧ್ಯವಿತ್ತೇ? ಕಿಯರ್ನಿಯಿಂದ ಮಗಳಿಗೆ, ಅವಳ ಮಗನಿಗೆ, ಅವನ ಮಗನಿಗೆ, ಕೊನೆಗೆ ಒಬಾಮಾ ಅವರ ತಾಯಿಗೆ ಬಂದ ಸರಪಳಿ ಇದು. ಮೊದಲ ಕೊಂಡಿಯೇ ಹೆಣ್ಣಾದ್ದರಿಂದ ಕಿಯರ್ನಿಯ ವೈ ವರ್ಣತಂತು ಮುಂದೆ ಬರಲಿಲ್ಲ. ಗಂಡಸಾದ್ದರಿಂದ ಅವನ ಮೈಟೊಕಾಂಡ್ರಿಯವೂ ಬರಲಿಲ್ಲ. ಉಳಿದ ವರ್ಣತಂತುಗಳಲ್ಲಿ ಸರಾಸರಿ 32ರಲ್ಲಿ ಒಂದು ಪಾಲು, ಅಂದರೆ ಶೇ. 3ರಷ್ಟು. ಅದರಲ್ಲಿ 'ಮನಿಗಾಲ್' ಎಂದು ಎಲ್ಲೂ ಬರೆದಿರುವುದಿಲ್ಲ. ಇಬ್ಬರು ಸಂಬಂಧಿಗಳೆಂದು ಡಿ.ಎನ್.ಎ. ತೋರಿಸಬಲ್ಲದು, ಆ ಸಂಬಂಧ ಯಾರ ಮೂಲಕ ಬಂತು, ಯಾವ ಊರಿನಲ್ಲಿ ಎಂಬುದನ್ನು ಕಾಗದವೇ ಹೇಳಬೇಕು. ಹಾಗೆಯೇ ಕಾಗದದಲ್ಲಿ ತಂದೆಯೆಂದು ಬರೆದ ಹೆಸರು ನಿಜವೇ ಎಂಬುದನ್ನು ಕೆಲವೊಮ್ಮೆ ಡಿ.ಎನ್.ಎ. ಮಾತ್ರ ಹೇಳಬಲ್ಲದು.

796 ಮಕ್ಕಳು

ಇದು ಬರೀ ಹವ್ಯಾಸವೆಂದು ನೀವು ತಿಳಿಯಬಾರದು. ಗಾಲ್ವೇ ಜಿಲ್ಲೆಯ ಟ್ಯೂಅಮ್ ಎಂಬಲ್ಲಿ 1925ರಿಂದ 1961ರವರೆಗೆ ಅವಿವಾಹಿತ ತಾಯಂದಿರು ಮತ್ತು ಮಕ್ಕಳಿಗಾಗಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಆಶ್ರಯಧಾಮವಿತ್ತು. ಸ್ಥಳೀಯ ಇತಿಹಾಸದಲ್ಲಿ ಆಸಕ್ತಿಯಿದ್ದ ಕ್ಯಾಥರೀನ್ ಕಾರ್ಲೆಸ್ ಎಂಬ ಮಹಿಳೆ ನೋಂದಣಿ ಕಚೇರಿಯಿಂದ ಅಲ್ಲಿ ಸತ್ತ ಮಕ್ಕಳ ಮರಣ ದಾಖಲೆಗಳನ್ನು ಕೇಳಿ ಪಡೆದರು. ಒಟ್ಟು 796. ಅವರನ್ನು ಹೂಳಿದ ದಾಖಲೆ ಮಾತ್ರ ಇರಲಿಲ್ಲ. 2014ರಲ್ಲಿ ಇದು ಜಗತ್ತಿಗೆ ತಿಳಿಯಿತು. 2017ರಲ್ಲಿ ಆ ಜಾಗದ ನೆಲದಡಿಯ ಕಟ್ಟಡದಲ್ಲಿ ಮಕ್ಕಳ ಅವಶೇಷಗಳಿರುವುದನ್ನು ತನಿಖಾ ಆಯೋಗ ದೃಢಪಡಿಸಿತು. ಇದಕ್ಕೆಂದೇ 2022ರಲ್ಲಿ ಕಾನೂನು ಮಾಡಿ, 2025ರ ಜುಲೈನಲ್ಲಿ ಅಗೆತ ಆರಂಭಿಸಿದರು. ಬದುಕಿರುವ ಸಂಬಂಧಿಗಳ ಡಿ.ಎನ್.ಎ. ಜೊತೆ ಹೋಲಿಸಿ, ಸಾಧ್ಯವಾದಷ್ಟು ಮಕ್ಕಳನ್ನು ಗುರುತಿಸಿ, ಗೌರವದಿಂದ ಮಣ್ಣುಮಾಡುವುದು ಇದರ ಉದ್ದೇಶ. ಒಂದು ಪಟ್ಟಿಯಲ್ಲಿ 796 ಹೆಸರುಗಳಿವೆ. ನೆಲದಲ್ಲಿ ಹೆಸರಿಲ್ಲದ ಮೂಳೆಗಳಿವೆ. ಇವೆರಡನ್ನೂ ಜೋಡಿಸುವುದೇ ಇಲ್ಲಿನ ಕೆಲಸ.

ಅದೇ 2022ರಲ್ಲಿ ಬಂದ ಇನ್ನೊಂದು ಕಾನೂನು, ದತ್ತು ಹೋದವರಿಗೆ ತಮ್ಮ ಮೂಲ ಜನನ ಪತ್ರವನ್ನು ನೋಡುವ ಹಕ್ಕು ಕೊಟ್ಟಿತು. ಅಲ್ಲಿಯವರೆಗೆ ಎಷ್ಟೋ ಜನ ಇಳಿವಯಸ್ಸಿನಲ್ಲೂ ತಾಯಿಯ ಹೆಸರು ತಿಳಿಯದೆ ಇದ್ದರು. ಜೊತೆಗೆ ಒಂದು ಎಚ್ಚರಿಕೆ: ಡಿ.ಎನ್.ಎ. ಒಬ್ಬರ ಸ್ವತ್ತಲ್ಲ. ಒಬ್ಬರ ಪರೀಕ್ಷೆ ಅಣ್ಣ, ಚಿಕ್ಕಪ್ಪ, ಸೋದರತ್ತೆಯರ ಗುಟ್ಟನ್ನೂ ಹೊರಗೆ ತರಬಲ್ಲದು. ಅವರ ಒಪ್ಪಿಗೆಯಿಲ್ಲದೆ ಹೆಜ್ಜೆಯಿಡಬಾರದು.

ಡಬ್ಲಿನ್ನಿನ ಸುಟ್ಟ ಭಂಡಾರವೂ ಈಗ ಬೇರೆ ರೂಪದಲ್ಲಿ ಮರಳಿ ಬರುತ್ತಿದೆ. ಬೆಂಕಿಗೆ ನೂರು ವರ್ಷ ತುಂಬಿದಾಗ, 2022ರ ಜೂನ್ 27ರಂದು, ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ ಗಣಕದೊಳಗಿನ ಒಂದು ದಾಖಲೆ ಭಂಡಾರ ತೆರೆಯಿತು. ಸುಡುವುದಕ್ಕೆ ಮುಂಚೆ ಯಾರೋ ಮಾಡಿಕೊಂಡಿದ್ದ ನಕಲುಗಳು, ಟಿಪ್ಪಣಿಗಳು, ಬೇರೆ ದೇಶಗಳಿಗೆ ಹೋಗಿದ್ದ ಪ್ರತಿಗಳನ್ನು ಹಲವಾರು ಸಂಗ್ರಹಾಲಯಗಳಿಂದ ಹುಡುಕಿ ಸೇರಿಸಿದ್ದಾರೆ. ಅಂದು ನಕಲು ಮಾಡಿಕೊಂಡವರಿಗೆ ಮೂಲವೇ ಸುಟ್ಟುಹೋಗುತ್ತದೆ ಎಂದು ಗೊತ್ತಿರಲಿಲ್ಲ.

ನೀವೂ ಒಂದು ಕೆಲಸ ಮಾಡಬಹುದು. ಒಂದು ನೋಟುಪುಸ್ತಕ ತೆಗೆದುಕೊಂಡು ನಿಮ್ಮಿಂದಲೇ ಶುರುಮಾಡಿ, ಗೊತ್ತಿದ್ದುದರಿಂದ ಗೊತ್ತಿಲ್ಲದುದರ ಕಡೆಗೆ ಹಿಂದಕ್ಕೆ ಹೋಗಿ. ಮನೆಯ ಅತಿ ಹಿರಿಯರನ್ನು ಕೇಳಿ ಹೆಸರು, ಊರು, ಹುಟ್ಟಿದ ವರ್ಷ ಬರೆದುಕೊಳ್ಳಿ; ಅಜ್ಜಿಯ ತವರಿನ ಹೆಸರನ್ನು ಮರೆಯದೆ ಕೇಳಿ. ಪ್ರತಿಯೊಂದರ ಮುಂದೆ 'ಯಾರು ಹೇಳಿದರು, ಯಾವ ದಿನ' ಎಂದು ಬರೆಯಿರಿ. ಪುಸ್ತಕ ತುಂಬಿದ ಮೇಲೆ ಅದರ ಒಂದು ನಕಲು ಮಾಡಿ ಬೇರೆ ಊರಿನಲ್ಲಿರುವ ಸಂಬಂಧಿಕರಿಗೆ ಕೊಡಿ.